ಹೊಟ್ಟೆಯೊಳಗಿನವರ ಪಾಲು

ಆ ಸಂಜೆ ಭೋಜ ಎಂಬ ಊರಿನ ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಇದ್ದವರು ನಾಲ್ವರು: ನಮ್ಮವ್ವ, ಅಣ್ಣನ ಮಗಳು ಪದ್ಮಾ, ನಾನು ಮತ್ತು ಎಮ್ಮೆ. ಎಮ್ಮೆಯನ್ನು ಲೆಕ್ಕಕ್ಕೆ ಹಿಡಿದದ್ದು ವಿನೋದಕ್ಕಲ್ಲ. ಮುಂದೆ ನಡೆದದ್ದೆಲ್ಲ ಅದರ ಹೊಟ್ಟೆಯ ದೆಸೆಯಿಂದಲೇ.

ಆಗ ತೊಂಬತ್ತರ ದಶಕ ಇನ್ನೂ ಹೊಸದು. ಕಬ್ಬಿನ ಸೋಗೆ ತಿನ್ನುವ ಎಮ್ಮೆಯ ಹೊಟ್ಟೆಯಲ್ಲಿ ಎಂಥ ಸೂಕ್ಷ್ಮಜೀವಿಗಳಿರುತ್ತವೆ, ತಿಂದದ್ದು ಅದರ ಮೈಗೆ ಹೇಗೆ ಹತ್ತುತ್ತದೆ ಎಂಬುದು ಪದ್ಮಾಳ ಪಿಎಚ್.ಡಿ. ವಿಷಯ. ಊರಿಗೆ ಬಂದಾಗಲೆಲ್ಲ ಎಮ್ಮೆಯ ಗಂಟಲಿಗೆ ನಳಿಗೆ ಇಳಿಸಿ, ಹೊಟ್ಟೆಯ ರಸ ತೆಗೆದು, ಥರ್ಮಾಸಿನಲ್ಲಿ ಬೆಚ್ಚಗೆ ಒಯ್ಯುವಳು. ನಿಪ್ಪಾಣಿ ಬಸ್ಸಿನಲ್ಲಿ ಪಕ್ಕದವರು, "ಒಂದ್ ಗುಟುಕು ಚಾ ಕೊಡವಾ ತಂಗಿ" ಎಂದು ಕೇಳಿದ್ದೂ ಉಂಟು. ಈ ಸಂಶೋಧನೆಯಲ್ಲಿ ನನ್ನ ಪಾಲು ಎಮ್ಮೆಯ ಕೊಂಬು ಹಿಡಿಯುವುದು. ಅದೂ ಎಮ್ಮೆ ದೊಡ್ಡ ಮನಸ್ಸು ಮಾಡಿದ್ದರಿಂದ ನಡೆಯಿತು.

ಅವ್ವ ಜೈನರ ಮನೆಯ ಹಿರಿಯ ಜೀವ. ನೀರು ಸೋಸಿದ ಅರಿವೆಯನ್ನು ಆಕೆ ಹಿಂಡುತ್ತಿರಲಿಲ್ಲ. ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಕೊಡದಲ್ಲಿ ತೊಳೆದು, ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡುವಳು. ಬೇರೆ ಬಾವಿಯಾದರೆ ಅವಕ್ಕೆ ಪರವೂರಂತೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ. ಮುಳುಗುವ ಮುಂಚೆ ಒಂದು ಲೋಟ ಹಾಲು. ಆ ವಯಸ್ಸಿನಲ್ಲಿ ಆಕೆಯ ಮೈ ನಿಂತದ್ದೇ ಆ ಹಾಲಿನ ಮೇಲೆ.

ಆ ಸಂಜೆ ಪದ್ಮಾಗೆ ಹೇಳುವ ಹುರುಪು. "ಆಯಿ, ಎಮ್ಮಿಗಿ ತಾನಾಗಿ ಸ್ವಾಗಿ ಅರಗಿಸಾಕ ಬರೂದಿಲ್ಲ. ಹೊಟ್ಟ್ಯಾಗಿನ ಸಣ್ಣ ಜೀವ ಅರಗಸ್ತಾವ. ಆಮ್ಯಾಲ ಎಮ್ಮಿ ಆ ಜೀವಾನೂ ಅರಗಿಸಿಕೋತೈತಿ. ನೀ ಕುಡಿಯೂ ಹಾಲಿನಾಗ ಅವೂ ಅದಾವ ಅನ್ನು."

ಅವ್ವ ಲೋಟ ಕೆಳಗಿಟ್ಟಳು. "ಅವು ಸತ್ತು ಹಾಲಾಗತಾವೇನು?"

ಪದ್ಮಾ ಹೌದೆಂದು ತಲೆಯಾಡಿಸಿದಳು. ಹೊತ್ತು ಮುಳುಗಿತು.

ಮರುದಿನವೂ ಅವ್ವ ಲೋಟ ಮುಟ್ಟಲಿಲ್ಲ, ಅದರ ಮರುದಿನವೂ ಇಲ್ಲ. ಬರಬರುತ್ತ ಗೋಡೆ ಹಿಡಿದು ನಡೆಯತೊಡಗಿದಳು. ನಾನು ವಾದಕ್ಕಿಳಿದೆ. "ಎಮ್ಮಿ ಏನ್ ಬೇಕಂತ ಮಾಡತೈತೇನ ಬೇ?"

"ಎಮ್ಮಿಗಿ ಗೊತ್ತಿಲ್ಲೋಪಾ. ನನಗ ಗೊತ್ತಾತಲ್ಲ."

ತಿಳಿವಳಿಕೆಯೇ ಬೆಳಕು ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿ ಹೇಳಿ ಸಂಬಳ ತಿಂದವನು ನಾನು. ಅದು ಮುದುಕಿಯೊಬ್ಬಳ ಕೈಯ ಲೋಟ ಕಸಿದೀತು ಎಂದು ಎಂದೂ ಹೊಳೆದಿರಲಿಲ್ಲ. ಮೊದಲೇ ತಿಳಿಯದಿದ್ದರೆ ಬೇರೆ ಮಾತು. ತಿಳಿದದ್ದನ್ನು ಮರಳಿ ತಿಳಿಯದಂತೆ ಮಾಡುವ ಮದ್ದು ಯಾವ ಊರಿನಲ್ಲೂ ಇಲ್ಲ.

"ಈ ಪಿಎಚ್.ಡಿ. ಬಿಟ್ಟಬಿಡತೇನಿ ಕಾಕಾ" ಎಂದಳು ಪದ್ಮಾ.

"ನೀ ಬಿಟ್ರ ಆಕಿ ಮರೀತಾಳೇನು?"

ಹುಡುಗಿ ಬಹಳ ಹೊತ್ತು ಎಮ್ಮೆಯ ಮುಂದೆ ಕೂತಳು. ಆ ಸಂಜೆ ಹಾಲು ಹಿಡಿದು ಬಂದು ಅಜ್ಜಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

"ಆಯಿ, ಇಲ್ಲೂ ಅದಾವ."

"ಏನ್ ಅದಾವ?"

"ಎಮ್ಮಿ ಹೊಟ್ಟ್ಯಾಗ ಇದ್ದಂಗ ನಿನ್ನ ಹೊಟ್ಟ್ಯಾಗೂ ಜೀವ ಅದಾವ. ನೀ ಉಂಡ್ರ ಅವಕ್ಕೂ ಕೂಳು. ನೀ ಹಿಂಗ ಒಣಗಿದ್ರ ಅವೂ ಸಾಯ್ತಾವ."

ಬಾಡಿಗೆಗೆ ಇದ್ದವರನ್ನು ಇಷ್ಟು ವರ್ಷ ವಿಚಾರಿಸದೇ ಬಿಟ್ಟ ಮನೆಯೊಡತಿಯಂತೆ ಅವ್ವ ತನ್ನ ಹೊಟ್ಟೆಯನ್ನೇ ನೋಡಿದಳು. ಬಿಸಿಲು ಅಂಗಳದ ತುದಿಗೆ ಸರಿದಿತ್ತು.

"ಅಲ್ಲಿಯವು ಎಮ್ಮಿ ಪಾಲಿನವು" ಎಂದಳು ಕೊನೆಗೆ. "ಇವು ನನ್ನ ಪಾಲಿನವು. ಮೊದಲ ಹೇಳಾಕ ಏನಾಗಿತ್ತ, ಹುಚ್ಚಿ?" ಕೈ ಚಾಚಿ ಲೋಟ ತೆಗೆದುಕೊಂಡಳು.

ಮುಂದೆ ಅಷ್ಟಮಿ ಬಂತು. ಅವ್ವ ಅಷ್ಟಮಿಯ ಉಪವಾಸ ತಪ್ಪಿಸಿದವಳೇ ಅಲ್ಲ. "ಅವೂ ನನ್ನ ಕೂಡ ಉಪಾಸೇನು?" ಎಂದು ಮೊಮ್ಮಗಳನ್ನು ಕೇಳಿದಳು. "ಒಂದಿನ ತಡಕೋತಾವ ಆಯಿ" ಎಂದಳು ಪದ್ಮಾ.

ಮರುದಿನ ಬೆಳಿಗ್ಗೆ ಉಪವಾಸ ಬಿಡುವಾಗ ಅವ್ವ ಹಾಲಿನ ಮೊದಲ ಗುಟುಕು ಕುಡಿದು, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. "ಅವಕ್ಕ ಮುಟ್ಟಿರಬೇಕು" ಎಂದಳು. ಆಮೇಲೆ ಉಳಿದದ್ದನ್ನು ಕುಡಿದಳು.