ತಂತಿಯ ಹೆರಳು ಬಿಚ್ಚಿಸಿದ ಕಾಕಾ

ರೇಡಿಯೋ ಕಾಕಾ ನಕ್ಕಾಗ ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಕಾಣುತ್ತಿತ್ತು. ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿಯಲು ಅವರು ಇಕ್ಕಳ ಹುಡುಕುತ್ತಿರಲಿಲ್ಲ. ಬಾಯಿಗಿಟ್ಟು ಸರಕ್ಕನೆ ಎಳೆದುಬಿಡುತ್ತಿದ್ದರು. ಮೂವತ್ತು ವರ್ಷ ಎಳೆದೂ ಎಳೆದೂ ಹಲ್ಲು ತಂತಿಯ ದಪ್ಪಕ್ಕೆ ಸರಿಯಾಗಿ ಸವೆದಿತ್ತು. ಅಂಗಡಿಗೆ ಬಂದವರು ಬುದ್ಧಿ ಹೇಳಿದರೆ, "ಇಕ್ಕಳ ಆದ್ರ ಯಾರರೆ ಎತ್ತಕೊಂಡ ಹೋಗ್ತಾರ. ಇದನ್ನ ಯಾರು ಒಯ್ತಾರ್ರೀ?" ಎನ್ನುತ್ತಿದ್ದರು.

ಅವರ ಊರು ಖಾನಾಪುರ. ದಿನಾ ಮುಂಜಾನೆಯ ಪ್ಯಾಸೆಂಜರ್ ಹತ್ತಿ ಬೆಳಗಾವಿಗೆ ಬಂದು, ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ಅಂಗಡಿಯ ಮಾಳಿಗೆಯ ಮೇಲೆ ರೇಡಿಯೋ ರಿಪೇರಿಗೆ ಕೂರುತ್ತಿದ್ದರು. ಕೆಲಸ ಕನ್ನಡದಲ್ಲಿ, ಬೈಗುಳ ಮರಾಠಿಯಲ್ಲಿ. ಅವರ ಅಂಗಡಿಯಲ್ಲಿ ರೇಡಿಯೋ ಯಾವಾಗಲೂ ಪೂರ್ತಿ ದನಿಯಲ್ಲಿ ಒದರುತ್ತಿತ್ತು. ಕೆಳಗಿನ ಸಾಹುಕಾರರು ಕೋಲಿನಿಂದ ಮಾಳಿಗೆ ಕುಟ್ಟಿದರೂ ಕಡಿಮೆಯಾಗುತ್ತಿರಲಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವಾಗಿನಿಂದ ಬಿಡಿ ಸಾಮಾನು ಕೊಳ್ಳಲು ಅಲ್ಲಿಗೆ ಹೋಗುತ್ತಿದ್ದೆ. ಅವರದೊಂದು ರೂಢಿ ನನಗೆ ಬಹಳ ಸೋಜಿಗ ಅನಿಸುತ್ತಿತ್ತು. ಯಾರಾದರೂ ಬಂದು ರೇಡಿಯೋದಲ್ಲಿ ಕರಕರ ಗದ್ದಲ ಎಂದರೆ, ಅವರು ಸಣ್ಣ ಟ್ರಾನ್ಸಿಸ್ಟರ್ ಒಂದನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ತಿರುಗಿಸಿ ಗಿರಾಕಿಯ ಕೈಗೇ ಕೊಡುತ್ತಿದ್ದರು. ಅದನ್ನು ಹಿಡಿದು ಮನೆಯೆಲ್ಲ ಓಡಾಡಬೇಕು. ಎಲ್ಲಿ ಗದ್ದಲ ಹೆಚ್ಚೋ ಅಲ್ಲಿ ರೋಗ. ಒಬ್ಬರು ಹೀಗೆ ಓಡಾಡಿ, ಅಡುಗೆಮನೆಯ ಬಲ್ಬಿನ ಸಡಿಲು ತಂತಿ ಹಿಡಿದು ಬಂದು ಕಾಕಾನ ಕಾಲಿಗೆ ಬೀಳುವುದೊಂದು ಬಾಕಿ. "ನೀವ ಹಿಡದೀರಿ, ನನಗ್ಯಾಕ್ ನಮಸ್ಕಾರ?" ಎಂದು ಕಾಕಾ ಕಚ್ಚು ಹಲ್ಲು ತೋರಿಸಿ ನಕ್ಕರು. ದೊಡ್ಡವರು ತಮ್ಮ ವಿದ್ಯೆಯನ್ನು ಹೀಗೆ ಹಂಚುತ್ತಾರಲ್ಲ ಎಂದು ನನಗೆ ಅಭಿಮಾನ.

ಎಂಬತ್ತರ ದಶಕದ ನಡುವೆ ನಾನೊಂದು ಹುಚ್ಚು ಹಚ್ಚಿಕೊಂಡೆ. ಉದ್ಯಮಬಾಗದಲ್ಲಿದ್ದ ಅಣ್ಣನ ಶೆಡ್ಡಿನ, ಕಬ್ಬಿಣ ಕಡೆಯುವ ಹಳೆಯ ಲೇತ್ ಯಂತ್ರವೊಂದನ್ನು ಸಿಎನ್‌ಸಿ ಮಾಡುವ, ಅಂದರೆ ಲೆಕ್ಕ ಕೊಟ್ಟರೆ ತಾನೇ ಓಡುವಂತೆ ಮಾಡುವ ಹುಚ್ಚು. ಕೈಯಿಂದ ತಿರುಗಿಸುವ ಹ್ಯಾಂಡಲ್ ತೆಗೆದು ಅಲ್ಲಿ ಸರ್ವೋ ಮೋಟಾರು ಕೂಡಿಸುವುದು. ಮೋಟಾರಿನ ಬೆನ್ನಿಗಿರುವ ಎನ್‌ಕೋಡರ್ ಎಂಬ ಡಬ್ಬಿ ಎಷ್ಟು ತಿರುಗಿತೆಂದು ಸಣ್ಣ ತಂತಿಯಲ್ಲಿ ಎಣಿಕೆ ಕಳಿಸುತ್ತದೆ. ನಾನು ಮಾಡಿದ ಬೋರ್ಡು ಅದನ್ನು ಲೆಕ್ಕ ಹಿಡಿದು, ಸರಿಯಾದ ಜಾಗಕ್ಕೆ ಬಂದಾಗ ನಿಲ್ಲು ಎನ್ನುತ್ತದೆ. ಮೋಟಾರು ಮುಂಬಯಿಯ ಗುಜರಿಯದು, ಬೋರ್ಡು ಶಿವಬಸವ ನಗರದ ನಮ್ಮ ಮನೆಯ ಹಿಂದಿನ ಖೋಲಿಯದು.

ಎರಡು ವರ್ಷ ಅಣ್ಣ ತಡೆದುಕೊಂಡ. ಲೇತ್ ಓಡಿತು ಕೂಡ. ಆದರೆ ಐದು ತುಣುಕು ಸರಿ ಬಂದರೆ ಆರನೆಯದು ಕೂದಲೆಳೆಯಷ್ಟು ತೆಳ್ಳಗೆ. ಮೋಟಾರು ಜೋರಾಗಿ ತಿರುಗಿದಾಗಲೆಲ್ಲ ಎಣಿಕೆ ತಪ್ಪುತ್ತಿತ್ತು. ನನ್ನ ಲೆಕ್ಕವೇ ತಪ್ಪೆಂದು ಮೂರು ಸಲ ಬೋರ್ಡು ಬಿಚ್ಚಿ ಮಾಡಿದೆ. ಅಷ್ಟರಲ್ಲಿ ಪಂಪಿನ ಕಾರ್ಖಾನೆಯವರು, ಕೆಲಸ ಕೊಡುವ ಮೊದಲು ಸೋಮವಾರ ಬಂದು ಇಪ್ಪತ್ತು ತುಣುಕು ನೋಡುತ್ತೇವೆ ಎಂದರು. ಅಣ್ಣ ಶನಿವಾರ ಬೆಳಿಗ್ಗೆ, ನನ್ನ ಮುಖ ನೋಡದೆ ಹೇಳಿದ: "ಸೋಮವಾರ ಆಗಲಿಲ್ಲಂದ್ರ ಹ್ಯಾಂಡಲ್ ತಿರುಗಿ ಹಾಕಸ್ತೀನಿ. ಆಮ್ಯಾಲ ನೀ ಶೆಡ್ಡಿಗೆ ಬರೂದು ಬ್ಯಾಡ, ತಂಗಿ. ಮಂದಿ ನಗಾಕತ್ತಾರ."

ಕಂಡೆನ್ಸರ್ ತರುವ ನೆವದಿಂದ ರವಿವಾರ ಪೇಟೆಗೆ ಹೋದೆ. ಕಾಕಾ ನನ್ನ ಮುಖವನ್ನೇ ದಿಟ್ಟಿಸಿ, "ಏನಾಗೇತಿ ಹೇಳಬೇ" ಎಂದರು. ಹೇಳಿದೆ. ಅಳುವೂ ಬಂತು.

"ಆ ಮಷೀನ ನನಗ ತಿಳಿಯಂಗಿಲ್ಲ ಯವ್ವಾ. ಗದ್ದಲ ತಿಳೀತೈತಿ, ನಡಿ" ಎಂದು ಮಟಮಟ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿದರು.

ಶೆಡ್ಡಿನಲ್ಲಿ ಅವರು ಏನನ್ನೂ ಮುಟ್ಟಲಿಲ್ಲ. ಟ್ರಾನ್ಸಿಸ್ಟರ್ ನನ್ನ ಕೈಗೆ ಕೊಟ್ಟು, ಮೋಟಾರು ಓಡಿಸಲು ಹೇಳಿ, ನನ್ನೆದುರು ನಿಂತರು. ಮೋಟಾರಿನ ದಪ್ಪ ತಂತಿಯ ಹತ್ತಿರ ರೇಡಿಯೋ ಗೊರಗೊರ ಎಂದಿತು. ಅದು ಇರುವುದೇ. ಆದರೆ ಎನ್‌ಕೋಡರಿನ ಸಣ್ಣ ತಂತಿ ಹಿಡಿದು ಬೋರ್ಡಿನ ತನಕ ಹೋದರೂ ಗೊರಗೊರ ಬಿಡಲಿಲ್ಲ. ಯಾಕೆಂದು ನೋಡಿದರೆ, ನನ್ನ ಕೈಕೆಲಸ! ದಪ್ಪ ತಂತಿ, ಸಣ್ಣ ತಂತಿ ಎಲ್ಲವನ್ನೂ ಸೇರಿಸಿ, ಜಾತ್ರೆಗೆ ಹೊರಟವಳಂತೆ ಒಂದೇ ಹೆರಳು ಹೆಣೆದಿದ್ದೆ. ದಪ್ಪ ತಂತಿಯ ಗದ್ದಲ ಸಣ್ಣದಕ್ಕೆ ಹಾರಿ ಎಣಿಕೆ ಕೆಡಿಸುತ್ತಿತ್ತು. ನೋಡಿದವರೆಲ್ಲ ಹೊಗಳಿದ್ದರು. ಅಣ್ಣ ಬಂದವರನ್ನೆಲ್ಲ ಕರೆದು ತೋರಿಸಿದ್ದ.

"ಹೆರಳ ಚಂದ ಐತಿ. ಆದ್ರ ಕಳ್ಳನ್ನ ಕರದು ಮನಿಯವರ ಬಾಜೂಕ ಮಲಗಿಸಿದ್ಯಲ್ಲ ಬೇ!" ಎಂದು ಕಾಕಾ ನಕ್ಕರು.

ಬಿಚ್ಚಿದೆ. ದಪ್ಪ ತಂತಿಯನ್ನು ಒಂದು ಗೋಡೆಗೆ, ಸಣ್ಣದನ್ನು ಕಬ್ಬಿಣದ ಪೈಪಿನೊಳಗೆ ಹಾಕಿ ಎದುರು ಗೋಡೆಗೆ. ಮತ್ತೆ ರೇಡಿಯೋ ಹಿಡಿದೆ.

"ಹೋತೇನು?" ಎಂದು ಕೇಳಿದರು ಕಾಕಾ.

ಬಹಳಷ್ಟು ಹೋಗಿತ್ತು. ನನಗೆ ಸಾಕಾಗಿತ್ತು, ಬೆರಳು ಉರಿಯುತ್ತಿದ್ದವು, ಹೋಯಿತು ಎಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೂ, "ಇಲ್ರಿ ಕಾಕಾ, ಒಂದೀಟು ಉಳದೈತಿ" ಎಂದೆ.

"ಹಂಗಾರ ಇನ್ನೊಬ್ಬ ಕಳ್ಳ ಅದಾನ. ನೆಲಕ್ಕ ಹೋಗೂ ತಂತಿ ತೋರಸು."

ತೋರಿಸಿದೆ. ಹಿಂದೊಮ್ಮೆ ಒಬ್ಬ ಕೆಲಸಗಾರನಿಗೆ ಶಾಕ್ ಹೊಡೆದಿತ್ತು. ಆಮೇಲೆ ಅಣ್ಣ ಹೆದರಿ, ಇದ್ದಿಲು ಉಪ್ಪು ತುಂಬಿಸಿ ಮೂರು ಅರ್ಥಿಂಗ್ ಗುಂಡಿ ತೋಡಿಸಿದ್ದ. ಲೇತಿಗೊಂದು, ಮೋಟಾರಿನ ಪೆಟ್ಟಿಗೆಗೊಂದು, ನನ್ನ ಬೋರ್ಡಿಗೊಂದು. ದಿನಾ ಬೆಳಿಗ್ಗೆ ಮೂರಕ್ಕೂ ನೀರು ಹಾಕುತ್ತಿದ್ದೆವು. ಸಣ್ಣ ತಂತಿಯ ಸುತ್ತ ಗದ್ದಲ ತಡೆಯಲು ಇರುವ ಲೋಹದ ಜಾಳಿಗೆಯನ್ನೂ ನಾನು ಎರಡೂ ತುದಿಯಲ್ಲಿ ನೆಲಕ್ಕೆ ಕಟ್ಟಿದ್ದೆ. ಭದ್ರ ಇರಲಿ ಅಂತ.

"ಮೂರು ಬಾಗಲಾ ಇಟ್ರ ಒಂದರಾಗ ಹೋದ ಕಳ್ಳ ಇನ್ನೊಂದರಾಗ ಬರತಾನ. ಮೂರೂ ಗುಂಡಿ ಒಂದಕ್ಕೊಂದು ಕೂಡಸು. ಎಲ್ಲಾ ನೆಲದ ತಂತಿ ಒಂದ ಬೋಲ್ಟಿಗೆ ತಾ. ಜಾಳಿಗಿ ಬೋರ್ಡಿನ ಕಡೆ ಅಷ್ಟ ಕಟ್ಟು, ಮೋಟಾರಿನ ಕಡೆ ಬಿಡು."

ಸಂಜೆ ಆರರ ಹೊತ್ತಿಗೆ ಸಣ್ಣ ತಂತಿಯ ಬಳಿ ರೇಡಿಯೋ ಬರೀ ಸುಂಯ್ ಎನ್ನುತ್ತಿತ್ತು. ಲೇತ್ ಜೋರಾಗಿ ಓಡಿಸಿ ನೋಡಿದೆ, ಎಣಿಕೆ ತಪ್ಪಲಿಲ್ಲ. ನನ್ನ ಲೆಕ್ಕ ಸರಿಯಿತ್ತು! ಎರಡು ವರ್ಷ ನಾನು ಬೈದುಕೊಂಡದ್ದು ತಪ್ಪಿಲ್ಲದ ತಲೆಯನ್ನು. ಕಾಕಾ ನನ್ನ ಮುಖ ನೋಡಿದರು, ಟ್ರಾನ್ಸಿಸ್ಟರ್ ತೆಗೆದುಕೊಂಡು ಕಿಸೆಗೆ ಹಾಕಿದರು.

ಸೋಮವಾರ ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಬಂದವು. ಹ್ಯಾಂಡಲನ್ನು ಅಣ್ಣ ಗುಜರಿಗೆ ಹಾಕಿದ, ಎರಡನೆಯ ಲೇತನ್ನೂ ನನಗೇ ಒಪ್ಪಿಸಿದ. ಸಂತೋಷವೇನೋ ಆಯಿತು. ಆದರೆ ಅವನು ಒಪ್ಪಿಸಿದ್ದು ಒಂದು ಮಾತು ನಂಬಿ. ಶನಿವಾರ ಹೊರಡುವಾಗ ಕಾಕಾ ಅವನಿಗೆ ಹೇಳಿದ್ದರು: "ಕಳ್ಳನ್ನ ನಿಮ್ಮ ತಂಗೀನ ಹುಡುಕ್ಯಾಳ್ರೀ. ನಾ ಸುಮ್ಮನ ನಿಂತಿದ್ದೆ." ಅದು ದೊಡ್ಡತನದ ಸುಳ್ಳು ಎಂದು ನನಗೆ ಗೊತ್ತಿತ್ತು. ತಿದ್ದಲು ಬಾಯಿ ಬರಲಿಲ್ಲ. ಬೇರೆಯವರ ಸೀರೆ ಉಟ್ಟು ಮೆರೆದ ಹಾಗೆ, ಯಾರಾದರೂ ಹೊಗಳಿದಾಗಲೆಲ್ಲ ಒಳಗೇ ಮುದುಡಿಕೊಳ್ಳುತ್ತಿದ್ದೆ.

ನಾಲ್ಕೈದು ವರ್ಷಕ್ಕೆ ಕಾಕಾ ಅಂಗಡಿ ಮುಚ್ಚಿ ಊರಲ್ಲೇ ಉಳಿದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಖಾನಾಪುರಕ್ಕೆ ಹೋಗಿ ಕಾಕಾನ ಹೆಂಡತಿ ಕಾಕೂನ ಮುಂದೆ ಕೂತು ಎಲ್ಲ ಹೇಳಿಕೊಂಡೆ. ನಿಮ್ಮವರ ಹೆಸರು ನಾನು ತಿಂದೆ, ತಪ್ಪಾಯಿತು ಎಂದೆ.

ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು.

"ಅಯ್ಯ ನನ್ನವ್ವಾ, ಅವರಿಗೆ ಆ ಕರಕರ ಎಲ್ಲಿ ಕೇಳತಿತ್ತು? ಬಾಜೂಕ ನಿಂತು ಮಾತಾಡಿದ್ರ ಕೇಳತಿತ್ತು, ಸಣ್ಣ ದನಿ ಹೋಗಿ ಭಾಳ ವರ್ಷ ಆಗಿತ್ತು. ಅದಕ್ಕ ಮಂದಿ ಕೈಯಾಗ ರೇಡಿಯೋ ಕೊಟ್ಟು ಮಾರಿ ನೋಡತಿದ್ರು. ಅಂಗಡಿ ನಿಂತೀತು ಅಂತ ಯಾರಿಗೂ ಹೇಳಗೊಟ್ಟಿಲ್ಲ. ನಿನ್ನ ಸುದ್ದಿ ಹೇಳಿದ್ರು. ಆ ಹುಡುಗಿ ಸುಳ್ಳ ಗೋಣ ಹಾಕಲಿಲ್ಲ, ಅದಕ್ಕ ಗೆದ್ದಳು ಅಂದಿದ್ರು."

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು, ಎಷ್ಟೋ ವರ್ಷಗಳ ಭಾರ ಅಲ್ಲೇ ಇಳಿಯಿತು. ಅವರು ಅಣ್ಣನಿಗೆ ಹೇಳಿದ್ದು ಖರೇ ಮಾತು. ಅವತ್ತು ನಾನು ಹೋಯಿತು ಎಂದಿದ್ದರೆ, ಕಾಕಾ ನಂಬಿ ಮನೆಗೆ ಹೋಗಿಬಿಡುತ್ತಿದ್ದರು.