ಕಾರಿನಿಂದಿಳಿದ ಸುಮಿತ್ರಕ್ಕ

ಸುಮಿತ್ರಕ್ಕ ಕಾರು ಓಡಿಸುವಾಗ ಎರಡು ದಿಂಬು ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು. ಐದಡಿಗೂ ಕಮ್ಮಿ ಎತ್ತರದ ಹೆಂಗಸು, ದೋಣಿಯಷ್ಟು ಉದ್ದದ ಕಂದು ಸ್ಟೇಷನ್ ವ್ಯಾಗನ್ನು. ಹೊರಗಿನಿಂದ ನೋಡಿದವರಿಗೆ ಸ್ಟೀರಿಂಗಿನ ಮೇಲೆ ಬರೀ ಬೈತಲೆ ಮತ್ತು ದಪ್ಪ ಕನ್ನಡಕ ಕಾಣುತ್ತಿತ್ತು. ಡಿಸೆಂಬರಿನ ಚಳಿಯಲ್ಲೂ ಕಿಟಕಿಯ ಗಾಜು ಇಳಿಸಿಯೇ ಇರುತ್ತಿದ್ದರು, ಏಕೆಂದರೆ ಅಕ್ಕಪಕ್ಕದ ಡ್ರೈವರುಗಳ ಜೊತೆ ಅವರಿಗೆ ಮಾತಿರುತ್ತಿತ್ತು. "ಹೋಗಪ್ಪಾ ಹೋಗು, ರಸ್ತಾ ನಿಮ್ಮಪ್ಪಂದ ಅದ!" ಎಂದು ಅವರು ನಗುತ್ತಾ ಕೂಗಿದರೆ, ಪಕ್ಕದ ಲೇನಿನ ಅಮೆರಿಕನ್ನನು ತನಗೆ ಯಾರೋ ಒಳ್ಳೆಯದನ್ನು ಹಾರೈಸಿದರು ಎಂದುಕೊಂಡು ಕೈಯೆತ್ತಿ ಹೋಗುತ್ತಿದ್ದ.

ರಸ್ತೆಗಳ ಮೇಲೆ ಅವರಿಗೆ ಆ ಸಲಿಗೆ ಇತ್ತು. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಮದುವೆಯಾಗಿ ಅಮೆರಿಕಕ್ಕೆ ಬಂದವರು. ವರ್ಜೀನಿಯಾದಲ್ಲಿ ರಸ್ತೆಗಳ ನಕ್ಷೆ ಹಾಕುವ ಕಚೇರಿಯಲ್ಲಿ ಬಹಳ ವರ್ಷ ದುಡಿದಿದ್ದರು. ಯಾವುದೋ ತಿರುವಿನಲ್ಲಿ ಕಾರು ಮೆತ್ತಗೆ ಹೊರಳಿದರೆ, "ಈ ಓರೆ ನಂದು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಕ್ಯಾಲಿಫೋರ್ನಿಯಾದಲ್ಲಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ನಾವು ವರ್ಜೀನಿಯಾದ ಸೆಂಟರ್‌ವಿಲ್‌ಗೆ ಬಂದಾಗ ಅವರು ನಮ್ಮ ಪಕ್ಕದ ಮನೆಯವರು. ನನ್ನ ಗಂಡ ಸತೀಶ ಬೆಳಿಗ್ಗೆ ಕಾರು ತೆಗೆದುಕೊಂಡು ಆಫೀಸಿಗೆ ಹೋದನೆಂದರೆ, ಮೈಸೂರಿನ ಬೀದಿಗಳನ್ನೆಲ್ಲ ನಡೆದೇ ಸವೆಸಿದ್ದ ನಾನು ಪುಟ್ಟ ಮಗಳನ್ನೆತ್ತಿಕೊಂಡು ಸಂಜೆಯವರೆಗೆ ಟೌನ್‌ಹೌಸಿನ ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಕೊತ್ತಂಬರಿ ಸೊಪ್ಪು ತರಬೇಕಾದರೂ ಶನಿವಾರಕ್ಕೆ ಕಾಯಬೇಕು. ನಾನು ಹಾಗೆ ನಿಲ್ಲುವುದನ್ನು ಸುಮಿತ್ರಕ್ಕ ಕೆಲವು ದಿನ ನೋಡಿದರು. ಒಂದು ಭಾನುವಾರ ಬಂದು ಬಾಗಿಲು ಬಡಿದು, "ಕಿಟಕ್ಯಾಗ ನಿಂತದ್ದು ಸಾಕು, ಚಪ್ಪಲಿ ಹಾಕ್ಕೋ" ಎಂದು ಹೈಸ್ಕೂಲಿನ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋದರು. ಆ ಜಾಗದಲ್ಲಿ ಅವರ ಕೈಕೆಳಗೆ ಕಾರು ಕಲಿತ ಕನ್ನಡದ ಹೆಂಗಸರು ಎಷ್ಟೋ ಮಂದಿ. ನಾನು ಹೆದರಿ ಬ್ರೇಕ್ ಒತ್ತಿದರೆ ಅವರದು ಒಂದೇ ಮಾತು: "ಹೆದರಿಕಿ ಬಂದ್ರ ಬರಲಿ. ಅದನ್ನ ಹಿಂದಿನ ಸೀಟಿನ್ಯಾಗ ಕೂಡಸು. ಸ್ಟೀರಿಂಗ್ ಅದರ ಕೈಯಾಗ ಕೊಡಬ್ಯಾಡ." ನಾನು ಲೈಸೆನ್ಸ್ ತೆಗೆದುಕೊಂಡ ದಿನ ನನಗಿಂತ ಹೆಚ್ಚು ಕುಣಿದವರು ಅವರೇ.

ಅಂಥ ಸುಮಿತ್ರಕ್ಕನಿಗೆ ಕಣ್ಣು ಕೈಕೊಟ್ಟಿತು. ನೋಟ ಪಕ್ಕಗಳಿಂದ ಮುಚ್ಚಿಕೊಳ್ಳುತ್ತಾ ಬರುವ ಕಾಯಿಲೆ. ಎದುರಿಗಿರುವುದು ಕಾಣುತ್ತದೆ, ಬದಿಯಲ್ಲಿರುವುದು ಕಾಣುವುದಿಲ್ಲ, ಕತ್ತಲಾದ ಮೇಲೆ ಏನೂ ಕಾಣುವುದಿಲ್ಲ. ಮದ್ದಿಲ್ಲ ಎಂದು ಡಾಕ್ಟರು ಹೇಳಿದರು. ಅಂದು ಮನೆಗೆ ಬಂದವರು ಕಾರಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನ ನಾ ಓಡಸೂದಿಲ್ಲ. ಯಾರದರ ಕೂಸಿಗೆ ಬಡದಗಿಡದೇನು" ಎಂದರು. ಅಷ್ಟೇ. ಅತ್ತಿದ್ದು ನಾನು.

ಮಗ ಕ್ಯಾಲಿಫೋರ್ನಿಯಾದಿಂದ ದಿನಾ ಫೋನ್ ಮಾಡತೊಡಗಿದ. ಒಳ್ಳೆಯ ಹುಡುಗನೇ. ತಾಯಿಗೆಂದು ಕೆಳಗಿನ ಕೋಣೆ ಸಿದ್ಧ ಮಾಡಿಟ್ಟಿದ್ದ. "ಅಲ್ಲಿ ಕಾರಿಲ್ಲದೆ ಹೇಗಿರ್ತೀಯಮ್ಮಾ? ಮನೆ ಮಾರಿಬಿಡು, ಬಾ" ಎನ್ನುವುದು ಅವನ ವಾದ. ಸುಳ್ಳೂ ಅಲ್ಲ. ನಮ್ಮ ಕಡೆ ಕಾರಿಲ್ಲದವರಿಗೆ ಕಾಲೂ ಇಲ್ಲದ ಹಾಗೆಯೇ. ಬಸ್ಸು ಇತ್ತು, ಆದರೆ ಅದನ್ನು ಹತ್ತಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆ ಬೇಸಿಗೆ ನಾವು ಮೂವರು, ಅಂದರೆ ನಾನು, ಸತೀಶ ಮತ್ತು ಒಂಬತ್ತು ವರ್ಷದ ಮಗಳು ಮೇಘನಾ, ದಕ್ಷಿಣ ಇಟಲಿಗೆ ಹೋಗುವುದೆಂದು ಗೊತ್ತಾಗಿತ್ತು. ಸುಮಿತ್ರಕ್ಕ ತಾವೂ ಬರುವುದಾಗಿ ಹೇಳಿದರು. ಸತೀಶ ಸಂತೋಷದಿಂದ, "ಬನ್ನಿ ಬನ್ನಿ, ದೊಡ್ಡ ಕಾರ್ ರೆಂಟ್ ಮಾಡ್ತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದ.

"ಕಾರ್ ಬ್ಯಾಡಪ್ಪಾ. ಬಸ್ಸು, ರೈಲು, ಏನ್ ಸಿಗ್ತದೋ ಅದರಾಗ ಹೋಗೂಣು. ಕಾರಿಲ್ಲದ ಓಡ್ಯಾಡೂದು ನಾ ಕಲೀಬೇಕಾಗೇದ" ಎಂದರು ಸುಮಿತ್ರಕ್ಕ. ಆಮೇಲೆ ನನ್ನ ಕಡೆ ತಿರುಗಿ ನಿಜ ಸಂಗತಿ ಹೇಳಿದರು. "ಮಗನ ಮುಂದ ಮಾತು ಕೊಟ್ಟೀನಿ. ಭಾಷಾ ಬರಲಾರದ ಊರಾಗ ಒಂದ್ ದಿನ ನಾ ಒಬ್ಬಾಕಿನ ಹೋಗಿ, ಕತ್ತಲಾಗೂದ್ರಾಗ ಒಬ್ಬಾಕಿನ ತಿರುಗಿ ಬಂದ್ರ ಮನಿ ಮಾರೂದಿಲ್ಲ. ಆಗಲಿಲ್ಲಂದ್ರ ಗಪ್ಪನ ಕ್ಯಾಲಿಫೋರ್ನಿಯಾಕ್ಕ ಹೋಗೂದು."

ಇಳಿದುಕೊಂಡದ್ದು ಮಯೋರಿ ಎಂಬ ಸಣ್ಣ ಊರಿನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನಿಂಬೆಯ ತೋಟಗಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಬೆಟ್ಟ, ನಡುವೆ ಹಗ್ಗ ಎಸೆದ ಹಾಗೆ ಬಿದ್ದಿರುವ ರಸ್ತೆ. ಮೊದಲ ದಿನವೇ ಎಡವಟ್ಟಾಯಿತು. ಅಮಾಲ್ಫಿಯ ಬಸ್ಸು ಬಂತು, ಹತ್ತಿ ಕೂತೆವು, ಚಿಲ್ಲರೆಯನ್ನು ಅಂಗೈಯಲ್ಲಿ ಹಿಡಿದು ಕಂಡಕ್ಟರ್ ಬರಲೆಂದು ಕಾದೆವು. ಬಸ್ಸೆಂದ ಮೇಲೆ ಕಂಡಕ್ಟರ್ ಇರಲೇಬೇಕಲ್ಲ! ಹುಬ್ಬಳ್ಳಿ, ಮೈಸೂರು ಎಲ್ಲಿಯೇ ಆಗಲಿ, ನಾವು ಕೂತಲ್ಲಿಗೆ ಟಿಕೆಟ್ ಬಂದು ಗೊತ್ತೇ ಹೊರತು ನಾವು ಟಿಕೆಟ್ ಇದ್ದಲ್ಲಿಗೆ ಹೋಗಿ ಗೊತ್ತಿಲ್ಲ. ಕಂಡಕ್ಟರ್ ಬರಲಿಲ್ಲ, ತಪಾಸಣೆಯವನು ಬಂದ. ಅಲ್ಲಿ ಟಿಕೆಟನ್ನು ಬೀಡಿ ಸಿಗರೇಟಿನ ಅಂಗಡಿಯಲ್ಲಿ ಮೊದಲೇ ಕೊಂಡು, ಬಸ್ಸಿನೊಳಗಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕಂತೆ. ಸತೀಶ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ. ಸುಮಿತ್ರಕ್ಕ ಎದ್ದು ನಿಂತು ಅಚ್ಚ ಧಾರವಾಡದ ಮಾತಿನಲ್ಲಿ ಶುರು ಮಾಡಿದರು.

"ನಾವೇನ್ ಕದ್ದು ಕೂತೇವೇನ್ರಿ? ರೊಕ್ಕಾ ಕೈಯಾಗ ಹಿಡ್ಕೊಂಡ ಕೂತೇವಿ. ನಿಮ್ಮ ಕಂಡಕ್ಟರನ ಬರಲಿಲ್ಲಂದ್ರ ನಾವೇನ್ ಮಾಡೂಣು?"

ಅವನಿಗೆ ಏನು ತಿಳಿಯಿತೋ ಶಿವನೇ ಬಲ್ಲ. ಆದರೆ ಬಸ್ಸಿನಲ್ಲಿದ್ದ ಮುದುಕಿಯರಿಗೆಲ್ಲ ತಿಳಿಯಿತು. ಒಬ್ಬಳು ತನ್ನ ಚೀಲದಿಂದ ನಾಲ್ಕು ಟಿಕೆಟ್ ತೆಗೆದು ತಾನೇ ಯಂತ್ರಕ್ಕೆ ತೂರಿಸಿದಳು, ಇನ್ನೊಬ್ಬಳು ತಪಾಸಣೆಯವನಿಗೆ ಬೆರಳು ತೋರಿಸಿ ಗದರಿದಳು. ಅವನು ನಕ್ಕು ಮುಂದೆ ಹೋದ. ಇಳಿಯುವಷ್ಟರಲ್ಲಿ ಸುಮಿತ್ರಕ್ಕ ಆ ಮುದುಕಿಗೆ ಟಿಕೆಟಿನ ದುಡ್ಡನ್ನು ಒತ್ತಾಯದಿಂದ ಕೊಟ್ಟು, ಅವಳ ಮೊಮ್ಮಕ್ಕಳು ಎಷ್ಟೆಂಬುದನ್ನೂ ತಿಳಿದುಕೊಂಡಿದ್ದರು.

ಮುಂದಿನ ದಿನಗಳಲ್ಲಿ ಅವರು ಓಡಾಟವನ್ನು ಅಭ್ಯಾಸ ಮಾಡಿದ್ದನ್ನು ನೋಡಬೇಕಿತ್ತು. ನಾವು ಕಿಟಕಿಗೆ ಅಂಟಿಕೊಂಡು ಸಮುದ್ರ ನೋಡಿದರೆ ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಪಕ್ಕದಲ್ಲಿ ಮೇಘನಾ. ಯಾವ ಸ್ಟಾಪಿನಲ್ಲಿ ಯಾವ ಸದ್ದು, ಯಾವ ವಾಸನೆ ಎಂದು ಇಬ್ಬರೂ ಗುರುತು ಮಾಡಿಕೊಳ್ಳುತ್ತಿದ್ದರು. ಸಾಲೆರ್ನೋ ಕಡೆ ಹೋಗುವಾಗ ಚೆತಾರಾ ಎಂಬ ಮೀನುಗಾರರ ಊರು ಬಂದರೆ ಮೇಘನಾ ಮೂಗು ಹಿಡಿದು, "ಆಂಟಿ, ಫಿಶ್ ಸ್ಮೆಲ್ ಬಂತು!" ಎಂದು ಕೂಗುತ್ತಿದ್ದಳು. ಈರುಳ್ಳಿಯನ್ನೂ ಮುಟ್ಟದ ಮನೆಯಲ್ಲಿ ಹುಟ್ಟಿದ ಸುಮಿತ್ರಕ್ಕ ಆ ಗಾಳಿಯನ್ನು ಚೆನ್ನಾಗಿ ಎಳೆದುಕೊಂಡು, "ಛಲೋ ಆತು. ಇದು ಎಂದೂ ತಪ್ಪೂದಿಲ್ಲ" ಎನ್ನುತ್ತಿದ್ದರು. ತಿರುವುಗಳಲ್ಲಿ ಮಾತ್ರ ಕಣ್ಣು ತೆರೆದು ಬಿಡುತ್ತಿದ್ದರು. ಬಂಡೆ ಕಡಿದು ಮಾಡಿದ ಆ ರಸ್ತೆಯನ್ನು ನೋಡಿ, "ಯಾವ ಪುಣ್ಯಾತ್ಮ ಹಾಕ್ಯಾನೋ ಏನೋ, ಕೈ ಮುಗೀಬೇಕು" ಎಂದು ಡ್ರೈವರನಿಗೆ ಕೈ ಮುಗಿಯುತ್ತಿದ್ದರು.

ದಾರಿ ಕೇಳುವುದರಲ್ಲಿಯೂ ಅವರದೇ ಒಂದು ಕ್ರಮ. ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿ ಕೈಯನ್ನು ಪ್ರಶ್ನೆಯ ಹಾಗೆ ತಿರುಗಿಸುವುದು. ಉತ್ತರ ಸಿಕ್ಕ ಮೇಲೆ ನಾಲ್ಕು ಹೆಜ್ಜೆ ಹೋಗಿ ಇನ್ನೊಬ್ಬರನ್ನು ಕೇಳುವುದು. ಸತೀಶನಿಗೆ ಇದರಿಂದ ಮುಜುಗರ. "ಒಂದ್ಸಲ ಕೇಳಿದ್ರಲ್ಲ ಅಕ್ಕಾ" ಎಂದರೆ, "ಒಬ್ಬರನ್ನ ಕೇಳಿದ್ರ ಅದು ಅವರ ಅಭಿಪ್ರಾಯ. ಇಬ್ಬರು ಹೇಳಿದ್ರ ದಾರಿ" ಎನ್ನುತ್ತಿದ್ದರು.

ಕೊನೆಗೂ ಆ ದಿನ ಬಂತು. ಅಮಾಲ್ಫಿಗೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ, ಬೆಟ್ಟದ ಮೇಲಿನ ರವೆಲ್ಲೋ ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಬರುವುದೆಂದು ಸುಮಿತ್ರಕ್ಕ ಒಬ್ಬರೇ ಹೊರಟರು. ನೀಲಿ ನೂಲಿನ ಸೀರೆ, ಬಿಳಿಯ ಓಟದ ಬೂಟು, ಹೆಗಲಿಗೆ ಚೀಲ, ಅದರಲ್ಲಿ ಅವಲಕ್ಕಿ. "ಯಾರೂ ಹಿಂದ ಬರಬಾರದು, ನನ್ನಾಣಿ" ಎಂದು ನಮ್ಮಿಂದ ಮಾತು ತೆಗೆದುಕೊಂಡರು.

ಮಧ್ಯಾಹ್ನ ಕಳೆಯಿತು. ಸ್ಟಾಪಿನಲ್ಲಿ ನಿಂತ ನನಗೆ ಒಂದು ಬಸ್ಸೂ ಕಾಣಲಿಲ್ಲ. ಅಂಗಡಿಯವನು ಎರಡೂ ಕೈ ಚೆಲ್ಲಿ ತಿಳಿಸಿದ: ಮುಷ್ಕರ. ಇವತ್ತಿಗೆ ಬಸ್ಸು ಮುಗಿಯಿತು. ಇಳಿಬಿಸಿಲು ಬೆಟ್ಟ ಹತ್ತತೊಡಗಿತು. ಇನ್ನು ಸ್ವಲ್ಪ ಹೊತ್ತಿಗೆ ಅವರಿಗೆ ಏನೂ ಕಾಣುವುದಿಲ್ಲ, ಆ ರಸ್ತೆಯ ಅಂಚಿಗೆ ತಡೆಗೋಡೆ ಮೊಣಕಾಲೆತ್ತರ. ಸತೀಶ ಪೊಲೀಸರಿಗೆ ಹೇಳೋಣ ಎಂದ. ನಾನು ಟ್ಯಾಕ್ಸಿ ಮಾಡಿಕೊಂಡು ಹೋಗಿ ಹುಡುಕೋಣ ಎಂದೆ. ಹಾಗೆ ಹುಡುಕಿ ಕರೆತಂದರೆ ಅವರ ಮನೆ ಹೋದ ಹಾಗೆಯೇ ಎಂಬುದೂ ನನಗೆ ಗೊತ್ತಿತ್ತು. ಹೋಗಲಾರೆ, ನಿಲ್ಲಲಾರೆ. ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಂಡೆ. ಎದುರಿಗಿದ್ದ ಇಗರ್ಜಿಯ ಮಾತೆಗೂ ಒಂದು ಕಟ್ಟಿಕೊಂಡೆ.

ಮೊದಲು ನೋಡಿದ್ದು ಮೇಘನಾ. "ಅಮ್ಮಾ, ಲುಕ್! ಆಟೋ!"

ನಮ್ಮ ಲಗೇಜ್ ಆಟೋದಂಥದೇ ಮೂರು ಗಾಲಿಯ ಗಾಡಿ, ಪಟಪಟನೆ ಹೊಗೆಯುಗುಳುತ್ತಾ ತಿರುವಿನಲ್ಲಿ ಬಂತು. ಹಿಂದೆ ನಿಂಬೆಹಣ್ಣಿನ ಪೆಟ್ಟಿಗೆಗಳ ರಾಶಿ. ಆ ರಾಶಿಯ ನಡುವೆ, ಬಿಳಿಯ ಬೂಟಿನ ಕಾಲು ಇಳಿಬಿಟ್ಟುಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಸುಮಿತ್ರಕ್ಕ! ಓಡಿಸುತ್ತಿದ್ದವಳು ಅವರದೇ ವಯಸ್ಸಿನ ರೈತ ಹೆಂಗಸು. ಬಸ್ಸಿಲ್ಲವೆಂದು ತಿಳಿದ ಮೇಲೆ ಸುಮಿತ್ರಕ್ಕ ರವೆಲ್ಲೋದ ಚೌಕದಲ್ಲಿ ನಿಂತು, "ಮಯೋರಿ, ಮಯೋರಿ" ಎಂದು ಹೋಗಿ ಬರುವವರನ್ನೆಲ್ಲ ಕೇಳಿದ್ದರು. ಮೋಟರ್ ಸೈಕಲ್ಲಿನ ಹುಡುಗನೊಬ್ಬ ಕರೆದರೆ ಬೇಡವೆಂದು, ಹೆಣ್ಣುಮಗಳ ಗಾಡಿ ಬರುವವರೆಗೆ ಕಾದಿದ್ದರು. ಅವಲಕ್ಕಿ ಅವಳ ಹೊಟ್ಟೆ ಸೇರಿತ್ತು, ಇವರ ಚೀಲದ ತುಂಬ ನಿಂಬೆಹಣ್ಣು. ಇಳಿದವರೇ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು. ಅವಳು ಇವರ ಎರಡೂ ಕೆನ್ನೆಗೆ ಮುತ್ತಿಟ್ಟಳು.

ನಾನು ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಸತೀಶ ಜೀವ ಬಂದವನ ಹಾಗೆ ತಮಾಷೆಗಿಳಿದ. "ಬಸ್ಸಲ್ಲಿ ಬರ್ಲಿಲ್ವಲ್ಲ ಅಕ್ಕಾ, ಇದು ಲೆಕ್ಕಕ್ಕಿಲ್ಲ."

"ಬಸ್ ಇದ್ದಾಗ ಬಸ್ಸಿನ್ಯಾಗ ಬರೂದು ಯಾರಿಗೂ ಬರ್ತದ. ಬಸ್ ಇರಲಾರದಾಗ ಬಂದೀನಲ್ಲೋ!" ಎಂದರು. ಆ ಸಂಜೆಯೇ ಮಗನಿಗೆ ಫೋನ್ ಹೋಯಿತು. ನಿಂಬೆಹಣ್ಣಿನ ಗಾಡಿಯ ಕತೆ ಕೇಳಿ ಅವನು ಅತ್ತ ಕಡೆ ತಲೆ ಚಚ್ಚಿಕೊಂಡಿರಬೇಕು. ಆದರೆ ಮಾತಿಗೆ ತಪ್ಪಲಿಲ್ಲ. ಮನೆ ಮಾರುವ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಅವರು ಸೆಂಟರ್‌ವಿಲ್ಲಿನಿಂದ ಬಸ್ಸು ಹಿಡಿದು, ಮೆಟ್ರೋ ಹತ್ತಿ, ವಾಷಿಂಗ್ಟನ್ನಿನ ಮ್ಯೂಸಿಯಮ್ಮು, ಲೈಬ್ರರಿ, ಗೆಳತಿಯರ ಮನೆ ಎಂದು ನಾವು ಕಾರಿದ್ದವರು ಕಾಣದ ಜಾಗಗಳನ್ನೆಲ್ಲ ಸುತ್ತಿದರು. ಕನ್ನಡದ ಮಕ್ಕಳು ಅವರಿಗೆ ಬಸ್ ಆಂಟಿ ಎಂದು ಹೆಸರಿಟ್ಟರು. ಸಮಾರಂಭ ಮುಗಿದು ಯಾರಾದರೂ "ಡ್ರಾಪ್ ಮಾಡ್ಲಾ?" ಎಂದು ಕೇಳಿದರೆ, "ಬೇಕಾದಾಗ ಭಿಡೆ ಇಲ್ಲದ ಕೇಳ್ತೀನಿ. ಕೇಳಲಾರದಾಗ ಬ್ಯಾಡ" ಎನ್ನುವರು. ಕತ್ತಲಾಗುವ ದಿನಗಳಲ್ಲಿ ಭಿಡೆ ಇಲ್ಲದೆ ಕೇಳುತ್ತಲೂ ಇದ್ದರು. ಬೇಕೆಂದು ಕೇಳುವುದಕ್ಕೂ ಬೇಡವೆನ್ನುವುದಕ್ಕೂ ಅಷ್ಟೇ ಧೈರ್ಯವಿದ್ದ ಇನ್ನೊಬ್ಬರನ್ನು ನಾನು ನೋಡಿಲ್ಲ.

ದಶಕದ ಕೊನೆಗೆ ಸತೀಶನ ಕೆಲಸ ಬದಲಾಗಿ ನಾವು ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ಗೆ ಬಂದೆವು. ಸುಮಿತ್ರಕ್ಕ ಒಮ್ಮೆ ಅಲ್ಲಿಗೂ ಒಬ್ಬರೇ ರೈಲಿನಲ್ಲಿ ಬಂದರು. ಅಷ್ಟರಲ್ಲಿ ಅವರ ನೋಟ ಬಾಗಿಲಿನ ಬೀಗದ ಕಿಂಡಿಯಷ್ಟಾಗಿತ್ತು. ಕೈಗೆ ಬಿಳಿ ಕೋಲು ಬಂದಿತ್ತು. ಕೆಲವು ದಿನ ಇದ್ದು, ಮೇಘನಾಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿ, ಹೊರಟು ನಿಂತರು. ಮುಂದಿನ ಚಳಿಗಾಲದಲ್ಲಿ ಅವರು ತಮ್ಮದೇ ಮನೆಯಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟರೆಂದು ಮಗ ಫೋನ್ ಮಾಡಿದ. ಹಾಗಾಗಿ ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅಂದು ಕಳಿಸಲು ಹೋದ ರೈಲು ನಿಲ್ದಾಣದಲ್ಲಿ.

ಅವರು ಒಬ್ಬರೇ ಹತ್ತಿದರು. ಯಾರನ್ನೋ ಕೇಳಿ, ಇನ್ನೊಬ್ಬರನ್ನೂ ಕೇಳಿ, ತಮ್ಮ ಜಾಗದಲ್ಲಿ ಕೂತರು. ನಾನು ಕಿಟಕಿಯ ಹೊರಗೆ ನಿಂತು ಕೈ ಬೀಸುತ್ತಲೇ ಇದ್ದೆ. ಅದು ಅವರಿಗೆ ಕಾಣುವುದಿಲ್ಲವೆಂಬುದು ಆ ಗಳಿಗೆಯಲ್ಲಿ ನನಗೆ ಮರೆತೇ ಹೋಗಿತ್ತು. ಆದರೆ ನಾನು ಬೀಸುತ್ತಿರುತ್ತೇನೆಂದು ಅವರಿಗೆ ಗೊತ್ತಿತ್ತು. ಗಾಜಿಗೆ ಮುಖ ತಂದು, ನಗುತ್ತಾ, ಅವರೂ ಕೈ ಬೀಸತೊಡಗಿದರು. ಬೀಸಿದ್ದು ನನಗಲ್ಲ, ನನ್ನಿಂದ ನಾಲ್ಕಾರು ಮಾರು ಆಚೆ ಯಾರನ್ನೋ ಬೀಳ್ಕೊಡಲು ನಿಂತಿದ್ದ ಅಪರಿಚಿತ ಹೆಂಗಸಿಗೆ. ಪಾಪ, ಅವಳೂ ಗಲಿಬಿಲಿಯಾಗಿ ತಿರುಗಿ ಕೈ ಬೀಸಿದಳು. ರೈಲು ಅಲುಗಿತು. ನಾನು ಸೀರೆ ಎತ್ತಿಕೊಂಡು ಓಡಿಹೋಗಿ, ಆ ಹೆಂಗಸಿನ ಪಕ್ಕದಲ್ಲಿ, ಅವರು ನನ್ನನ್ನು ನೋಡುತ್ತಿದ್ದ ಜಾಗದಲ್ಲಿ ನಿಂತುಕೊಂಡೆ.