ತಾಂಬಾದ ಜಪಾನಿ ಪೈಲವಾನ

ನನ್ನ ತಮ್ಮ ಅಮಸಿದ್ದ ಐದು ವರ್ಷ ಜಪಾನದವ ಆಗಿದ್ದ. ನಗಬ್ಯಾಡ್ರಿ, ನಗೂ ಮಾತಲ್ಲ ಇದು. ನಾ ಶೇವಂತೆವ್ವ, ಸಿಂದಗಿ ಬಸ್ ಸ್ಟ್ಯಾಂಡ್ ಎದುರಿಗೆ ಚಹಾದ ಅಂಗಡಿ ಇಟ್ಟಾಕಿ. ನನ್ನ ಬಾಯಿ ಬೊಂಬಾಯಿ ಅಂತ ಊರೆಲ್ಲಾ ಅಂತೈತಿ. ಅನ್ಲಿ. ಬಾಯಿ ಇಲ್ಲದ ಹೆಣಮಗಳು ಸ್ಟ್ಯಾಂಡಿನಾಗ ಚಹಾ ಮಾರಾಕ ಆಗೂದಿಲ್ಲ.

ನಮ್ಮ ತವರು ತಾಂಬಾ. ನಮ್ಮಪ್ಪ ಬೀರಣ್ಣ ಕುರಿ ಕಾಯೂ ಮನಿತನದಾಗ ಹುಟ್ಟಿ ಪೈಲವಾನ ಆದಾವ. ವಯಸ್ಸಾದ ಮ್ಯಾಲ ಊರಾಗ ತಾಲೀಮು ನಡಸ್ತಿದ್ದ. ಇಂಡಿ, ಮುದ್ದೇಬಿಹಾಳ ಕಡಿಂದ ಹುಡುಗ್ರು ಬಂದು ಅವನ ಕಾಲಿಗೆ ಬಿದ್ದು ಕುಸ್ತಿ ಕಲೀತಿದ್ರು. ಮಂದಿ ಮಕ್ಕಳಿಗೆ ಅವ ಉಸ್ತಾದ. ತನ್ನ ಮಗಗ ಮಾತ್ರ ಉಸ್ತಾದನೂ ಅಲ್ಲ, ಅಪ್ಪನೂ ಅಲ್ಲ, ಬರೇ ಒಂದು ಬಡಿಗಿ. ಅಮಸಿದ್ದಗ ಮನ್ಯಾಗ ಅಮಸ್ಯಾ ಅಂತಿದ್ವಿ; ಅವ ಬೈಠಕ್ ಹೊಡಿಯೂವಾಗ ಅಪ್ಪ ಹಿಂದ ನಿಂತು ಕಾಲಿಗೆ ಬಾರಸ್ತಿದ್ದ. ಅವ್ವ ಸಾತವ್ವ ಹಾಲು ಕಾಸಿಟ್ಟು ಒಳಗ ಕೂತು ಕಣ್ಣೀರು ಒರಸ್ಕೋತಿದ್ಲು. ಹುಡುಗ ಅಪ್ಪನ ದನಿಗೆ ಪಳಗಿದ ಎತ್ತಿನಂಗ ಆಗಿಬಿಟ್ಟಿದ್ದ. "ಎಡಕ್ಕ" ಅಂದ್ರ ಎಡಕ್ಕ, "ಬಲಕ್ಕ" ಅಂದ್ರ ಬಲಕ್ಕ.

ಅರವತ್ತೆಂಟನೇ ಇಸವಿಯೊಳಗ ಬಾಗೇವಾಡ್ಯಾಗ ಒಂದು ದೊಡ್ಡ ಕುಸ್ತಿ ಇಟ್ಟಿದ್ರು. ಅಮಸ್ಯಾ ಸೋತ. ಕುಸ್ತಿ ಅಂದ ಮ್ಯಾಲ ಇಬ್ಬರೊಳಗ ಒಬ್ಬವ ಸೋಲಾವನ ಅಲ್ಲೇನ್ರಿ? ಅಪ್ಪ ಕಣದೊಳಗ ಇಳದು, ಅಷ್ಟೂ ಮಂದಿ ಮುಂದ ಕಾಲಾಗಿನ ಚಪ್ಪಲಿ ತಗದು ಎರಡು ಬಾರಿಸಿ, "ಸೋತ ಮಾರಿ ನನ್ನ ಮುಂದ ತರಬ್ಯಾಡ" ಅಂದ. ಹುಡುಗಗ ಆವಾಗ ಇಪ್ಪತ್ತು ವರ್ಷ. ಅಂದ ಹೋದಾವ ಮನಿಗೆ ಬರಲಿಲ್ಲ. ಅವ್ವ ಅದ ಕೊರಗಿನ್ಯಾಗ ಎರಡು ವರ್ಷಕ್ಕ ತೀರಿಕೊಂಡ್ಲು. ಮಣ್ಣಿಗೂ ಅವ ಬರಲಿಲ್ಲ, ಅವಗ ಹೇಳಾಕ ಎಲ್ಲಿ ಹುಡುಕೂದು?

ಎಪ್ಪತ್ನಾಕರ ಚಳಿಗಾಲದಾಗ ಸಿಂದಗಿಗೆ ಒಂದು ಫ್ರೀಸ್ಟೈಲ್ ಕುಸ್ತಿ ಕಂಪನಿ ಬಂತು. ಬಯಲಿನ್ಯಾಗ ಡೇರೆ ಹೊಡದು, ಹಗ್ಗ ಕಟ್ಟಿ, ಗಾದಿ ಹಾಸಿ, ಎಂಟು ದಿನದ ಆಟ. ಗ್ವಾಡಿಗೆಲ್ಲಾ ಕಾಗದ ಹಚ್ಚಿದ್ರು: "ಟೋಕಿಯೋದ ಕುರಾಸಾ! ಕಣ್ಣಾಗ ಉಪ್ಪು ಒಗಿಯೂ ಜಪಾನಿ ರಾಕ್ಷಸ!" ದಿನಾ ಸಂಜಿಕ ಆರು ಗಂಟೆಕ್ಕ ಕಂಪನಿಯ ಹೀರೋ ಆ ಕುರಾಸಾನ ಎತ್ತಿ ಒಗಿತಿದ್ದ. ಮಂದಿ ಸೀಟಿ ಹೊಡದು ಹುಚ್ಚೆದ್ದು ಕುಣೀತಿದ್ರು. ಎತ್ತು ಈಯಿತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ ನಮ್ಮವರು.

ಮೊದಲನೇ ದಿನಾನ ಕಂಪನಿಯವ್ರು ಆ ಕುರಾಸಾನ ಮಂದಿಗೆ ತೋರಸಾಕ ನನ್ನ ಅಂಗಡಿಗೆ ಕರಕೊಂಡು ಬಂದ್ರು. ಬೋಳು ತಲಿ, ಹೂವಿನ ನಿಲುವಂಗಿ, ಮಸಿಲೆ ತಿದ್ದಿದ ಹುಬ್ಬು. ನಾ ಚಹಾದ ಬಟ್ಟಲಾ ಮುಂದಿಟ್ಟು ಮಾರಿ ನೋಡಿದ್ನಿ. ಅಯ್ಯ ಶಿವನೆ! ನಾ ಬಗಲಾಗ ಎತ್ತಿ ಬೆಳಸಿದ ಹುಡುಗ, ತಲಿ ಬೋಳಿಸಿದ್ರ ನನಗ ಗುರುತು ಹತ್ತೂದಿಲ್ಲೇನು? ಅವನೂ ನನ್ನ ನೋಡಿದ. ಬಾಯಿ ಬಿಡಲಿಲ್ಲ. ಜಪಾನಿ ಕನ್ನಡ ಮಾತಾಡಿದ್ರ ಕೆಲಸ ಹೋಗ್ತಿತ್ತು. ನಾ ಕೆಟಲಿ ತಗೊಂಡು ಬ್ಯಾರೆ ಗಿರಾಕಿ ಕಡೆ ಹೋದ್ನಿ.

ಮರುದಿನ ಮಧ್ಯಾಹ್ನ ಮನಿ ಹಿತ್ತಲ ಬಾಗಿಲಿಂದ ಬಂದ. ನಾ ಮೊದಲ ಕಪಾಳಕ್ಕ ಒಂದು ಕೊಟ್ನಿ, ಆಮ್ಯಾಲ ಅಪ್ಪಿಕೊಂಡು ಅತ್ನಿ. ಅವ್ವ ಸತ್ತದ್ದು ಹೇಳಿದ್ನಿ. "ಹೌದನು" ಅಂದ, ಅಷ್ಟ. ರೊಟ್ಟಿ ಹಾಕಿದ್ನಿ, ಉಂಡ. ಊರು ಬಿಟ್ಟ ವರ್ಷಕ್ಕ ಕಂಪನಿ ಸೇರಿದ್ನಿ, ಅವ್ರ ತಲಿ ಬೋಳಿಸಿ ಜಪಾನದವನ ಮಾಡಿದ್ರು ಅಂದ. ಬೆನ್ನ ನೋಡಿದ್ರ ತುಂಬ ನೀಲಿಗಟ್ಟಿತ್ತು.

"ದಿನಾ ಹಿಂಗ ಒಗಸ್ಕೋತಿಯಲ್ಲೋ, ನೋಯೂದಿಲ್ಲೇನು?" ಅಂದ್ನಿ.

"ಮೊದಲ ನೋಯ್ತಿತ್ತಕ್ಕ. ಈಗ ಏನೂ ಅನಸೂದಿಲ್ಲ."

"ಆ ಹೀರೋನಕಿಂತ ನೀನ ಗಟ್ಟಿ ಅದಿಯಲ್ಲೋ ಭಾಡ್ಯಾ!"

"ಅದೀನಿ. ಆದ್ರ ಸೋಲೂದ ನನ್ನ ಕೆಲಸ." ಎದ್ದು ಕೈ ತೊಳಕೊಂಡು ಬಾಗಿಲ ಹಂತ್ಯಾಕ ನಿಂತ. "ಅಕ್ಕಾ, ನನಗ ಸಾಕಾಗೈತಿ. ಅಪ್ಪಗ ಕರಿಸು. ನಾ ಇದೀನಿ ಅಂತ ಹೇಳಬ್ಯಾಡ. ಒಂದ ಸಲ ನನ್ನ ಆಟ ನೋಡ್ಲಿ, ಹೊಟ್ಟಿಗೆ ಏನ ಮಾಡ್ತೇನಿ ಅಂತ ಕಣ್ಣಲೆ ನೋಡ್ಲಿ. ಆಮ್ಯಾಲ ನಾನ ಹೋಗಿ ಕಾಲಿಗೆ ಬೀಳ್ತೇನಿ. ಮನಿಗೆ ಬಾ ಅಂದ್ರ ನಾಳೇನ ತಾಂಬಾಕ್ಕ ಹೋಗಿ ಕುರಿ ಕಾಯ್ತೇನಿ."

ಅಷ್ಟ ಅವನ ಆಸೆ. ಅಪ್ಪ ಒಂದು ಮಾತು "ಬಾ" ಅನಬೇಕು. ಇಂಡಿ ಬಸ್ಸಿನ ಕಂಡಕ್ಟರ್ ಕಡೆ ನಾ ಹೇಳಿ ಕಳಸಿದ್ನಿ: ಜಪಾನಿ ಪೈಲವಾನ ಬಂದಾನ, ನೋಡಾಕ ಬಾ ಅಂತ.

ಈ ನಡುವ ನನ್ನ ಅಂಗಡ್ಯಾಗಿನ ಪಂಚಾಯತಿ ಕೇಳಬೇಕಿತ್ತು ನೀವು. ಅರಿವಿ ಅಂಗಡಿ ರಾಚಪ್ಪ, ಸೈಕಲ್ ಅಂಗಡಿ ಚಾಂದಸಾಬ, ಇಬ್ರೂ ಕುಸ್ತಿ ಹುಚ್ಚರು. ಇಬ್ರೂ ಹುಟ್ಟಿದಾಗಿಂದ ಒಂದು ದಂಡ ಹೊಡದವರಲ್ಲ. ರಾಚಪ್ಪ ಪೇಪರ ಓದಾವ, ಜಪಾನದ ಕುಸ್ತಿ ಅಂದ್ರ ಖರೇ ಕುಸ್ತಿ, ಅಲ್ಲಿ ನೆತ್ತರ ಹರೀತೈತಿ ಅಂತಿದ್ದ. ಚಾಂದಸಾಬ "ಎಲ್ಲಾ ಒಳಗ ಮಾತಾಡ್ಕೊಂಡು ಆಡೂದ್ರೀ, ನೆತ್ತರ ಬ್ಲೇಡಿಂದು" ಅಂತಿದ್ದ. ಕಂಪನಿಯವ್ರು ಪ್ರಚಾರಕ್ಕಂತ ಒಂದು ಜಪಾನಿ ಚಿತ್ರದ ಪುಸ್ತಕ ಬ್ಯಾರೆ ಕೊಟ್ಟಿದ್ರು, ಮುಂಬೈ ಫುಟ್‌ಪಾತಿನ್ಯಾಗ ತಗೊಂಡದ್ದಂತ. ಬಲಗಡಿಂದ ತಗೀಬೇಕು. "ನಮ್ಮ ಉರ್ದು ಪುಸ್ತಕದಂಗ" ಅಂತ ಚಾಂದಸಾಬ ಹಿಗ್ಗಿದ. ಅಕ್ಷರ ಯಾರಿಗೂ ತಿಳೀಲಿಲ್ಲ, ಚಿತ್ರ ಎಲ್ಲಾರಿಗೂ ತಿಳೀತು. ಒಬ್ಬ ಅಪ್ಪ ಮಗನ ಕಡಿಂದ ಹಿಮದಾಗ ಕಲ್ಲಿನ ಗುಂಡು ಎಳಸ್ತಾನ, ಬಿದ್ರ ಒದೀತಾನ, ಎಬ್ಬಿಸಿ ಮತ್ತ ಹೊಡೀತಾನ. ಕಡೀ ಹಾಳ್ಯಾಗ ಆ ಅಪ್ಪ ಕದದ ಹಿಂದ ನಿಂತು ಅಳ್ತಾನ.

"ನೋಡು, ಅಪ್ಪ ಅಂದ್ರ ಹಿಂಗಿರಬೇಕು" ಅಂದ ರಾಚಪ್ಪ. "ಹೊಡದ ಮ್ಯಾಲೇನ ಕಬ್ಬಿಣ ಹದಕ್ಕ ಬರೂದು."

"ಕದದ ಹಿಂದ ಅತ್ರ ಮಗಗ ಏನು ತಿಳೀಬೇಕ್ರಿ?" ಅಂದ ಚಾಂದಸಾಬ. "ಹೊಡದದ್ದು ಎದುರಿಗೆ, ಅತ್ತದ್ದು ಮರಿಗೆ. ಇದ್ಯಾವ ನ್ಯಾಯ?"

"ಈ ಕುರಾಸಾನ ಅಪ್ಪ ಇಂಥಾವ ಇದ್ದಿದ್ರ ಇವ ದಿನಾ ಒಗಸ್ಕೋತಿದ್ದಿಲ್ಲ. ರೊಕ್ಕಕ್ಕ ಸೋಲಾವನ ಹಡದಾವ ಬಾವಿ ನೋಡ್ಕೋಬೇಕು!"

ಕುರಾಸಾ ಅಲ್ಲೇ ಬಾಂಕಿನ ಮ್ಯಾಲ ಕೂತಿದ್ದ. ಚಹಾ ಕುಡಿಯಾಕತ್ತಿದ್ದ, ಏನೂ ತಿಳೀಲಾರದವರಂಗ. ನನಗ ಅಂಗಾಲಿಂದ ನೆತ್ತಿಗೆ ಬೆಂಕಿ ಏರ್ತು. "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ಚಹಾ ಕುಡದ್ರ ಏಳ್ರಿ, ಗಿರಾಕಿ ನಿಂತಾರ!" ಅಂತ ಒದರಿದ್ನಿ. ರಾಚಪ್ಪ ನಕ್ಕೋತ ಎದ್ದು ಹೋದ.

ಐದನೇ ದಿನ ಅಪ್ಪ ಬಂದ. ಹೆಗಲ ಮ್ಯಾಲ ಕಂಬಳಿ, ಅದ ಸೆಟೆದ ಎದಿ. ರಾಚಪ್ಪ ಉಸ್ತಾದ್ರು ಬಂದ್ರು ಅಂತ ಜಾಗಾ ಕೊಟ್ಟು, ಪುಸ್ತಕ ಕೈಯಾಗಿಟ್ಟ. ಅಪ್ಪ ಅದನ್ನ ದೂರ ಹಿಡಕೊಂಡು ನೋಡಿದ. "ಹೊಡದದ್ದು ಬರೋಬ್ಬರಿ ಐತಿ. ಹುಡುಗನ ಕಾಲ ತಪ್ಪು ಬಿದ್ದಾವ" ಅಂದ. ಕಡೀ ಹಾಳಿ ಬಂತು. "ಇವ ಯಾಕ ಅಳಾಕತ್ತಾನ?" ಅಂದು ಪುಸ್ತಕ ಮುಚ್ಚಿಟ್ಟ.

ಅವತ್ತ ಮೊದಲನೇ ಸಲ ನಾ ಸಂಜಿಕ ಅಂಗಡಿ ಮುಚ್ಚಿ ಡೇರೇಕ್ಕ ಹೋದ್ನಿ. ಹೆಣಮಕ್ಕಳ ಕಡೆ ಕೂತ್ನಿ. ಅಪ್ಪಗ ಮುಂದಿನ ಸಾಲಿನ್ಯಾಗ ಖುರ್ಚಿ ಹಾಕಿದ್ರು. ಕುರಾಸಾ ಬಂದ, ಉಪ್ಪು ಒಗದ, ಮಂದಿ ಥೂ ಅಂತ ಉಗುಳಿದ್ರು. ಅಪ್ಪ ಮೊದಲ ಆರಾಮಾಗಿ ಕೂತಿದ್ದ. ಆಮ್ಯಾಲ ಮುಂದ ಬಗ್ಗಿದ. ಆಮ್ಯಾಲ ಅಳ್ಳಾಡದಂಗ ಕೂತ. ಅವಗ ಗುರುತು ಹತ್ತೇತಿ ಅಂತ ನನಗ ತಿಳೀತು. ಮಾರಿಗೆ ಮಸಿ ಬಡದ್ರೇನು, ಆ ಕಾಲು ಇಡೂದು ಅವನ ಕಲಿಸಿದ್ದು.

ಆಟ ಮುಗಿಯೂ ಹೊತ್ತು. ಹೀರೋ ಬಂದು ಕುರಾಸಾನ ಟೊಂಕ ಹಿಡದ. ಇನ್ನ ಎತ್ತಿ ಒಗಿಯೂದ ಬಾಕಿ. ಆ ಹೀರೋನ ಪಟ್ಟು ಎಷ್ಟು ಸಡಿಲ ಇತ್ತಂದ್ರ, ಕುಸ್ತಿ ತಿಳೀಲಾರದ ನನಗೂ ಕಂಡಿತು. ಅಪ್ಪಗ ತಡೀಲಾಗಲಿಲ್ಲ. ಹತ್ತಿಪ್ಪತ್ತು ವರ್ಷ ಉಸ್ತಾದಕಿ ಮಾಡಿದ ಬಾಯಿ ಅದು. ಎದ್ದು ನಿಂತ, ಕಂಬಳಿ ಕೆಳಗ ಬಿತ್ತು.

"ಅಮಸ್ಯಾ! ಒಳಗಾಲ ಹಾಕಲೇ!"

ಅಮಸ್ಯಾ ಹಾಕಿದ. ವಿಚಾರ ಮಾಡಿ ಹಾಕಿದ್ದಲ್ಲರಿ ಅದು. ಆ ದನಿ ಕೇಳಿತು, ಕಾಲು ಹೋತು. ಹೀರೋ ಅಂಗಾತ ಬಿದ್ದ, ಎರಡೂ ಭುಜ ಗಾದಿಗೆ. ಅಮಸ್ಯಾ ಹೀರೋನ ಎದಿ ಮ್ಯಾಲ ಕೂತು, ಅಪ್ಪನ ಕಡೆ ನೋಡಿದ.

ಹಿಂದಿಂದ ಯಾವನೋ ಒದರಿದ: "ಲೇ! ಈ ಜಪಾನಿಗೆ ಕನ್ನಡ ತಿಳೀತೈತಿ!"

ಮೊದಲ ನಕ್ರು. ಆಮ್ಯಾಲ ಮೋಸ, ಮೋಸ ಅಂತ ಖುರ್ಚಿ ತೂರಾಡಿದ್ರು, ಹಗ್ಗ ಹರದ್ರು. ಆ ಗದ್ದಲದಾಗ ಅಪ್ಪ ಕಂಬಳಿ ಎತ್ತಿಕೊಂಡು ಹೊರಗ ನಡದ, ತಿರುಗಿ ನೋಡಲಿಲ್ಲ. ಅವತ್ತ ಅವ ನನ್ನ ಮನಿಗೂ ಬರಲಿಲ್ಲ, ಗುಡಿ ಕಟ್ಟಿ ಮ್ಯಾಲ ಮಲಗಿದ್ದನಂತ. ಕಂಪನಿಯವ್ರು ಅಮಸ್ಯಾನ ಗಂಟು ಹೊರಗ ಒಗದ್ರು. ಅವ ನನ್ನ ಮನಿಗೆ ಬಂದು ಗ್ವಾಡಿಗೆ ಆನಿಕೊಂಡು ಕೂತ. "ಅಪ್ಪ ನನ್ನ ಹೆಸರ ಹಿಡದು ಕರದ, ಕೇಳಿದೇನಕ್ಕ?" ಅಂದ. ಅಷ್ಟಕ್ಕ ಅವನ ಮಾರಿ ಮ್ಯಾಲ ಒಂದೀಟು ಜೀವ ಬಂದಿತ್ತು.

ಮುಂಜಾನಿ ಅವ ಅಂಗಡ್ಯಾಗ ಗೋಣಿತಾಟಿನ ಪರದೆ ಹಿಂದ ಕೂತು ಬಟ್ಟಲಾ ತೊಳ್ಯಾಕತ್ತಿದ್ದ. ತಾಂಬಾದ ಕಡಿ ಹೋಗೂ ಬಸ್ಸಿಗೆ ಅಪ್ಪ ಇಲ್ಲಿಗೇ ಬರಬೇಕು. ಬಂದ. ಬಾಂಕಿನ ಮ್ಯಾಲ ಕೂತ. ನಾ ಚಹಾ ಕೊಟ್ನಿ. "ಅಪ್ಪಾ, ಒಳಗ ಅದಾನ" ಅನಬೇಕಂದ್ನಿ. ಅಷ್ಟರಾಗ ರಾಚಪ್ಪ, ಚಾಂದಸಾಬ, ಅವರ ಹಿಂದ ಹತ್ತು ಮಂದಿ ಬಂದು ಸುತ್ತ ನಿಂತ್ರು.

"ಉಸ್ತಾದ್ರ, ನೀವು ಹೆಸರು ಹಿಡದು ಕೂಗಿದ್ರಲ್ಲ" ಅಂದ ರಾಚಪ್ಪ. "ದಿನಾ ರೊಕ್ಕಕ್ಕ ಬಿದ್ದೆದ್ದ ಆ ಜಪಾನಿ ನಿಮ್ಮ ಮಗನ ಏನ್ರಿ?"

ಅಪ್ಪ ಬಶಿಯೊಳಗಿನ ಚಹಾ ಪೂರ್ತಿ ಕುಡದ. ಬಶಿ ಕೆಳಗಿಟ್ಟ.

"ಅಲ್ಲ" ಅಂದ. "ನನ್ನ ಮಗ ಆಗಿದ್ರ ನಾ ಕೂಗೂತನಕ ಕಾಯ್ತಿದ್ದಿಲ್ಲ."

ಪರದೆ ಹಿಂದ ಬಟ್ಟಲದ ಸಪ್ಪಳ ನಿಂತಿತು. ಚಾಂದಸಾಬ ನನ್ನ ಕಡೆ ತಿರುಗಿ, "ಅಕ್ಕಾರ, ನಿಮ್ಮ ತಮ್ಮನ ಹೆಸರೂ ಅಮಸಿದ್ದ ಅಲ್ಲೇನ್ರಿ? ನೀವರ ಹೇಳ್ರಿ" ಅಂದ. ಪಾಪ, ಅವ ಕೆಟ್ಟದ್ದಕ್ಕ ಕೇಳಲಿಲ್ಲ. ಎಲ್ಲಾರೂ ನನ್ನ ಬಾಯಿ ನೋಡಾಕತ್ರು. ಅಪ್ಪನೂ ನೋಡಿದ. ನಾ ಕೆಟಲಿ ಹಿಡಕೊಂಡು ನಿಂತ್ನಿ. ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ, ಮೈಯೆಲ್ಲಾ ಜೋಮು ಹಿಡದಂಗಾಗಿತ್ತು. ಬಸ್ ಬಂತು, ಅಪ್ಪ ಹತ್ತಿ ಹೋದ, ಮಂದಿ ಚದುರಿದ್ರು.

ಅಮಸ್ಯಾ ಹೊರಗ ಬಂದು, "ಅಪ್ಪ ಹೋದ್ನ?" ಅಂದ. ಹೂಂ ಅಂದ್ನಿ. "ಆತು ಬಿಡು" ಅಂದು ಅಪ್ಪ ಕುಡದ ಬಟ್ಟಲಾ ಬಶಿ ತಗೊಂಡು ಮತ್ತ ಒಳಗ ಹೋದ.

ಎಂಟು ದಿನ ನನ್ನ ಮನ್ಯಾಗಿದ್ದ. ಮಂದಿ ಅವನ ನೋಡಾಕಂತ ಚಹಾ ಕುಡಿಯಾಕ ಬರಾಕ ಹತ್ತಿದ್ರು. ಅದಕ್ಕ ಆಲಮಟ್ಟಿಗೆ ಹೋಗ್ತೇನಿ, ಡ್ಯಾಮಿನ ಕೆಲಸಕ್ಕ ಕಲ್ಲು ಹೊರಾವ್ರು ಬೇಕಂತ ಅಂದ. ಬಿಟ್ಟು ಬರಾಕ ನಾನೂ ಹೋದ್ನಿ. ಅಲ್ಲಿ ಗಿಡದ ನೆರಳಾಗ ಮೇಜು ಹಾಕ್ಕೊಂಡು ಒಬ್ಬ ಕಾರಕೂನ ಆಳುಗಳ ಹೆಸರು ಬರಕೊಳ್ಳಾಕತ್ತಿದ್ದ.

"ಹೆಸರು?"

"ಅಮಸಿದ್ದ ರೀ."

"ತಂದಿ ಹೆಸರು?"

ಹಿಂದಿನವ್ರು ದಬ್ಬಾಕ ಹತ್ತಿದ್ರು. ಕಾರಕೂನ ತಲಿ ಎತ್ತಿ, "ಏ ಪೈಲವಾನ, ತಂದಿ ಹೆಸರು ಹೇಳೋ" ಅಂದ.

"ಶೇವಂತೆವ್ವ ಅಂತ ಬರಕೋರಿ."

"ಅದು ಹೆಣಮಕ್ಕಳ ಹೆಸರಲ್ಲೋ?"

"ಹೌದ್ರಿ. ನಮ್ಮಕ್ಕ. ನನ್ನವರು ಅಂತ ಆಕಿ ಒಬ್ಬಾಕಿನ ಇರೂದು."

ಕಾರಕೂನ ನನ್ನ ಮಾರಿ ಒಮ್ಮೆ ನೋಡಿ, ಬರಕೊಂಡ. ನಾ ಅಲ್ಲೇ ಬಾಜೂಕ ನಿಂತಿದ್ನಿ. ಅವತ್ತ ಮುಂಜಾನಿ ಅವ ಪರದೆ ಹಿಂದ ಕೂತು ಅಪ್ಪ ಆಡಿದ ಮಾತು ಅಷ್ಟ ಕೇಳಿದ್ದಿಲ್ಲರಿ. ನಾ ಸುಮ್ಮನಿದ್ದದ್ದೂ ಕೇಳಿದ್ದ.